ರಿಪೇರಿಯ ಮರುದಿನದ ಹೊಗೆ

ರೈತ ಬಾಂಧವರಿಗೂ, ಊರೂರಿನಲ್ಲಿ ಇಂಜಿನ್ ರಿಪೇರಿಯನ್ನೇ ಕಸುಬಾಗಿ ನಂಬಿಕೊಂಡಿರುವ ಮೆಕ್ಯಾನಿಕ್ ಮಿತ್ರರಿಗೂ ನಮಸ್ಕಾರ. ತೋಟಕ್ಕೆ ನೀರೆತ್ತುವ ಐದು ಹಾರ್ಸ್‌ಪವರಿನ ಪಂಪ್‌ಸೆಟ್ಟು, ಗದ್ದೆ ಉಳುವ ಪವರ್ ಟಿಲ್ಲರು, ಇವುಗಳಲ್ಲಿರುವ ಒಂದೇ ಸಿಲಿಂಡರಿನ ಸಣ್ಣ ಡೀಸೆಲ್ ಇಂಜಿನ್ನು ರಿಪೇರಿಗೆ ಮೊದಲು ಇಲ್ಲದಿದ್ದ ಹೊಗೆಯನ್ನು ರಿಪೇರಿಯ ಮರುದಿನ ಉಗುಳತೊಡಗಿದರೆ ಏನು ಮಾಡಬೇಕು ಎಂಬುದು ಇಂದಿನ ವಿಷಯ. ಹೇಳಬೇಕಾದ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯ ಸಲ ಎಲ್ಲಿ ಕೈ ಹಾಕಿದ್ದರೋ ಅಲ್ಲಿಯೇ ಮೊದಲು ಹುಡುಕಬೇಕು. ನಿನ್ನೆಯವರೆಗೆ ಸರಿಯಾಗಿದ್ದ ಪಿಸ್ಟನ್ನು, ಯಾರೂ ಮುಟ್ಟದೆ ಇದ್ದಾಗ, ಪಕ್ಕದಲ್ಲಿ ನಾಜಲ್ ಬಿಚ್ಚಿ ಹಾಕಿದ ಮಾತ್ರಕ್ಕೆ ಒಂದೇ ರಾತ್ರಿಯಲ್ಲಿ ಸವೆದುಹೋಗುವುದಿಲ್ಲ.

ಇದು ಅರ್ಥವಾಗಬೇಕಾದರೆ ಡೀಸೆಲ್ ಇಂಜಿನ್ನಿನೊಳಗೆ ನಡೆಯುವುದೇನು ಎಂಬುದು ಸ್ವಲ್ಪ ತಿಳಿದಿರಬೇಕು. ರುಡಾಲ್ಫ್ ಡೀಸೆಲ್ 1897ರಲ್ಲಿ ಓಡಿಸಿ ತೋರಿಸಿದ ಇಂಜಿನ್ನಿನಲ್ಲಿಯೂ ಕಿಡಿ ಹಾರಿಸುವ ಪ್ಲಗ್ ಇರಲಿಲ್ಲ, ಇಂದು ನಿಮ್ಮ ತೋಟದಲ್ಲಿರುವ ಇಂಜಿನ್ನಿನಲ್ಲಿಯೂ ಇಲ್ಲ. ಪಿಸ್ಟನ್ ಮೇಲೇರಿ ಗಾಳಿಯನ್ನು ಹದಿನಾರು ಹದಿನೇಳು ಪಟ್ಟು ಕುಗ್ಗಿಸಿದಾಗ ಆ ಗಾಳಿ 500 ಡಿಗ್ರಿಗೂ ಮೀರಿ ಕಾಯುತ್ತದೆ. ಆ ಹೊತ್ತಿಗೆ ಸರಿಯಾಗಿ ನಾಜಲ್ಲಿನ ಸೂಕ್ಷ್ಮ ರಂಧ್ರಗಳಿಂದ ಡೀಸೆಲ್ ಮಂಜಿನಂತೆ ಸಿಡಿದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ನಿಮಿಷಕ್ಕೆ 1500 ಸುತ್ತು ತಿರುಗುವ ಪಂಪ್‌ಸೆಟ್ಟಿನಲ್ಲಿ ಈ ಕೆಲಸ ನಿಮಿಷಕ್ಕೆ 750 ಸಲ ನಡೆಯಬೇಕು. ಗಾಳಿ ಸಾಕಷ್ಟು ಬೇಕು, ಅದು ಸಾಕಷ್ಟು ಕಾಯಬೇಕು, ಡೀಸೆಲ್ ತಕ್ಕ ಹೊತ್ತಿಗೆ ತಕ್ಕ ಜಾಗಕ್ಕೆ ಬೀಳಬೇಕು. ಇಷ್ಟರಲ್ಲಿ ಒಂದು ತಪ್ಪಿದರೂ ಸೈಲೆನ್ಸರಿನಲ್ಲಿ ಹೊಗೆ ಕಾಣಿಸುತ್ತದೆ, ಯಾವುದು ತಪ್ಪಿದೆ ಎಂಬುದನ್ನು ಆ ಹೊಗೆಯ ಬಣ್ಣವೇ ಹೇಳುತ್ತದೆ.

ಬಿಳಿ ಹೊಗೆ ಎಂದರೆ ಉರಿಯದ ಡೀಸೆಲ್ಲು. ನೀಲಿ ಹೊಗೆ ಎಂದರೆ ಉರಿಯಬಾರದ ಇಂಜಿನ್ ಆಯಿಲ್ಲು ಉರಿಯುತ್ತಿದೆ. ಕಪ್ಪು ಹೊಗೆ ಎಂದರೆ ಡೀಸೆಲ್ ಹೆಚ್ಚಾಗಿದೆ, ಅಥವಾ ಗಾಳಿ ಸಾಲುತ್ತಿಲ್ಲ. ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು ಇಂಜಿನ್ನನ್ನು ಬಿಸಿಯಾಗುವವರೆಗೆ ಓಡಿಸಿ, ಬಿಸಿಲಿನ ಬೆಳಕಿನಲ್ಲಿ ನಿಂತು ಈ ಬಣ್ಣವನ್ನು ನೋಡಿ. ಚಳಿಯ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದೆರಡು ನಿಮಿಷ ಬಿಳಿ ಹೊಗೆ ಬಂದು ನಿಂತರೆ ಅದು ರೋಗವಲ್ಲ. ಬಿಳಿಯದು ಡೀಸೆಲ್ಲೋ ನೀರಿನ ಆವಿಯೋ ಎಂಬ ಅನುಮಾನ ಬಂದರೆ ಸೈಲೆನ್ಸರಿನ ಬಾಯಿಯಿಂದ ಒಂದಡಿ ದೂರದಲ್ಲಿ ಬಿಳಿಯ ರಟ್ಟನ್ನು ಇಕ್ಕಳದಲ್ಲಿ ಹಿಡಿದು ನೋಡಿ, ಆಮೇಲೆ ಬಿಸಿಲಿಗಿಡಿ. ನೀರಿನ ಪಸೆ ಒಣಗಿಹೋಗುತ್ತದೆ. ಡೀಸೆಲ್ಲಿನ ಕಲೆ ಉಳಿಯುತ್ತದೆ, ಮೂಸಿದರೆ ವಾಸನೆಯೂ ಗೊತ್ತಾಗುತ್ತದೆ.

ನಾನು ಡೀಸೆಲ್ ಮೆಕ್ಯಾನಿಕ್ ಕೋರ್ಸಿನ ಹುಡುಗರಿಗೆ ಪ್ರತಿ ವರ್ಷ ತಪ್ಪದೆ ಹೇಳುತ್ತಿದ್ದ ಒಂದು ಪ್ರಸಂಗವನ್ನು ಇಲ್ಲಿಯೂ ಹೇಳಲೇಬೇಕು. ತೀರ್ಥಹಳ್ಳಿಯ ಕಡೆಯ ಅಡಿಕೆ ಬೆಳೆಗಾರರೊಬ್ಬರು ಮಾರ್ಚ್ ತಿಂಗಳ ಬಿಸಿಲಿನಲ್ಲಿ, ಮರಗಳಿಗೆ ನೀರು ಬೇಕೇಬೇಕು ಎನ್ನುವ ಹೊತ್ತಿನಲ್ಲಿ, ಹಳ್ಳದ ಪಕ್ಕದ ಪಂಪ್‌ಸೆಟ್ಟು ಕೈಕೊಟ್ಟಿದೆ ಎಂದು ಹೇಳಿ ಕಳುಹಿಸಿದರು. ಹೋಗಿ ನೋಡಿದರೆ ಪಂಪ್ ಮನೆಯ ಹಂಚಿನ ಸಂದಿಯಲ್ಲೆಲ್ಲ ಬಿಳಿ ಹೊಗೆ. ಕಣ್ಣು ಬಿಡಲಾಗದಷ್ಟು ಉರಿ. ಹ್ಯಾಂಡಲ್ ಹೊಡೆದು ಹೊಡೆದು ಇಬ್ಬರು ಆಳುಗಳ ತೋಳು ಸೋತಿದ್ದವು. ಹೇಗೋ ಹೊತ್ತಿಕೊಂಡರೂ ಇಂಜಿನ್ ಬಡಿದುಕೊಂಡು ಓಡುತ್ತಿತ್ತು, ಪಂಪು ನೀರೆತ್ತಲು ಆರಂಭಿಸಿದ ಕೂಡಲೇ ಆ ಬಿಳಿ ಹೊಗೆ ಕಪ್ಪಿಗೆ ತಿರುಗುತ್ತಿತ್ತು. ಮೊದಲು ಬಂದ ಮೆಕ್ಯಾನಿಕ್ ಇಂಜಿನ್ ಬೋರಿಗೆ ಬಂದಿದೆ, ಅಂದರೆ ಸಿಲಿಂಡರ್ ಸವೆದಿದೆ, ಎಂದು ಪಿಸ್ಟನ್ನಿನ ಸುತ್ತಲಿನ ರಿಂಗ್ ಸೆಟ್ ಬದಲಾಯಿಸಿದ್ದ. ಎರಡನೆಯವನು ಸಿಲಿಂಡರಿನ ಮೇಲಿನ ಮುಚ್ಚಳವಾದ ಹೆಡ್ ಬಿಚ್ಚಿ ವಾಲ್ವ್ ಉಜ್ಜಿ ಹೊಸ ಗ್ಯಾಸ್ಕೆಟ್ ಕೂರಿಸಿದ್ದ. ಅಷ್ಟಕ್ಕೂ ಬಗ್ಗದಿದ್ದಾಗ ಹೊಸ ನಾಜಲ್ಲನ್ನೇ ತಂದು ಹಾಕಿದ್ದರು. ಹೊಗೆ ಮಾತ್ರ ಮೊದಲಿನಂತೆಯೇ ಇತ್ತು. ಇನ್ನು ಉಳಿದದ್ದು ಸಿಲಿಂಡರಿನ ಒಳಗೋಡೆಯಾದ ಲೈನರು ಮತ್ತು ಪಿಸ್ಟನ್ನು. ಅದಕ್ಕೂ ಅಂದಾಜು ಪಟ್ಟಿ ತಯಾರಾಗಿತ್ತು.

ನಾನು ಇಂಜಿನ್ನನ್ನು ಮುಟ್ಟಲಿಲ್ಲ. ಹೊಗೆ ಮೊದಲು ಕಾಣಿಸಿದ್ದು ಯಾವಾಗ, ಅದರ ಹಿಂದಿನ ದಿನ ಏನು ಮಾಡಿಸಿದ್ದಿರಿ ಎಂದು ಕೇಳಿದೆ. "ಏನೂ ಇಲ್ಲ ಮಾರಾಯ್ರೇ, ನಾಜಲ್ ಒಂದನ್ನು ಪೇಟೆಗೆ ಕಳಿಸಿ ಪ್ರೆಶರ್ ಮಾಡಿಸಿದ್ದು ಅಷ್ಟೇ" ಎಂದರು. ಅಷ್ಟೇ ಎಂಬ ಆ ಕೆಲಸದಲ್ಲಿಯೇ ಎಲ್ಲವೂ ಇತ್ತು. ನಾಜಲ್ಲನ್ನು ಹಿಡಿದಿರುವ ಇಂಜೆಕ್ಟರಿನ ಎರಡು ನಟ್ ಸಡಿಲಿಸಿ ಅದನ್ನು ಹೊರಗೆ ತೆಗೆದಾಗ ಅದರ ಮೂತಿಗೆ ಹೊಸ ತಾಮ್ರದ ವಾಷರ್ ಅಂಟಿಕೊಂಡಿತ್ತು; ಇನ್ನೂ ಹೊಳಪಿತ್ತು. ಆಮೇಲೆ ಹೆಡ್ಡಿನ ಆ ತೂತಿನೊಳಗೆ ಟಾರ್ಚ್ ಬಿಟ್ಟು ನೋಡಿದೆ. ತಳದಲ್ಲಿ ಕಪ್ಪಗೆ ಒಂದು ಅಂಚು. ನೋಡಿದವರಿಗೆ ಅದು ಹೆಡ್ಡಿನದೇ ಎರಕದ ಅಂಚು ಎನಿಸಬೇಕು, ಅಷ್ಟು ಮಸಿ ಕಟ್ಟಿತ್ತು. ತುದಿ ಬಗ್ಗಿಸಿದ ಗಟ್ಟಿ ತಂತಿಯನ್ನು ಇಳಿಸಿ ಆ ಅಂಚಿನ ಸುತ್ತ ಕೆರೆದಾಗ ಒಂದು ಕಡೆ ಗೀರು ಬಿದ್ದು ಕೆಂಪಗೆ ತಾಮ್ರ ಕಂಡಿತು. ಹಳೆಯ ವಾಷರು! ಮೊದಲ ದಿನ ಇಂಜೆಕ್ಟರ್ ಬಿಚ್ಚಿದಾಗ ಅದು ತೂತಿನ ತಳದಲ್ಲಿಯೇ ಕಚ್ಚಿಕೊಂಡು ಉಳಿದಿತ್ತು, ಅದರ ಮೇಲೆ ಹೊಸದೊಂದನ್ನು ಇಟ್ಟು ಬಿಗಿದಿದ್ದರು. ಹೆಡ್ ಬಿಚ್ಚಿದಾಗಲೂ ಮಸಿಯ ಅಡಿಯಲ್ಲಿದ್ದ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಎರಡು ವಾಷರ್ ಸೇರಿದ್ದರಿಂದ ನಾಜಲ್ಲಿನ ತುದಿ ಇರಬೇಕಾದ ಜಾಗಕ್ಕಿಂತ ಒಂದೂವರೆ ಮಿಲಿಮೀಟರಿನಷ್ಟು ಮೇಲೆ ನಿಂತಿತ್ತು. ಪಿಸ್ಟನ್ನಿನ ತಲೆಯ ಗುಳಿಯೊಳಗೆ ಬೀಳಬೇಕಾದ ಡೀಸೆಲ್ಲು ಹೆಡ್ಡಿನ ಕಬ್ಬಿಣಕ್ಕೂ ಗುಳಿಯ ಅಂಚಿಗೂ ಬಡಿಯುತ್ತಿತ್ತು. ಕಬ್ಬಿಣಕ್ಕೆ ಬಡಿದ ಡೀಸೆಲ್ಲು ಹನಿಯಾಗುತ್ತದೆ, ಹನಿ ಪೂರ್ತಿ ಉರಿಯುವುದಿಲ್ಲ, ಉರಿಯದೆ ಉಳಿದದ್ದು ಬಿಳಿ ಹೊಗೆಯಾಗಿ ಹೊರಗೆ ಬರುತ್ತದೆ. ಹಳೆಯದನ್ನು ಮೇಲೆತ್ತಿ, ಕೂರುವ ಜಾಗವನ್ನು ಒರೆಸಿ, ಇಂಜೆಕ್ಟರ್ ಇಲ್ಲದೆಯೇ ಹ್ಯಾಂಡಲ್ಲನ್ನು ಕೆಲವು ಸುತ್ತು ತಿರುಗಿಸಿ ಒಳಗೆ ಬಿದ್ದಿದ್ದ ಮಸಿಯ ಪುಡಿಯನ್ನು ಗಾಳಿಯೊಡನೆ ಹೊರಗೆ ಹಾರಿಸಿದೆವು. ಬಳಿಕ ಒಂದೇ ವಾಷರ್ ಹಾಕಿ, ಎರಡೂ ನಟ್ಟನ್ನು ಒಂದಾದ ಮೇಲೆ ಒಂದರಂತೆ ಸಮನಾಗಿ ಬಿಗಿದೆವು. ಎರಡನೆಯ ಹ್ಯಾಂಡಲ್ಲಿಗೆ ಇಂಜಿನ್ ಹೊತ್ತಿಕೊಂಡಿತು. ಸ್ವಲ್ಪ ಹೊತ್ತಿನಲ್ಲಿ ಸೈಲೆನ್ಸರಿನ ಬಾಯಲ್ಲಿ ಬಿಸಿಗಾಳಿಯ ನಡುಕದ ಹೊರತು ಬೇರೇನೂ ಕಾಣಲಿಲ್ಲ. ಕೆಲವೇ ರೂಪಾಯಿಯ ವಾಷರಿಗಾಗಿ ರಿಂಗು, ಗ್ಯಾಸ್ಕೆಟ್ಟು, ನಾಜಲ್ಲು ಎಲ್ಲಕ್ಕೂ ಹಣ ತೆತ್ತಾಗಿತ್ತು. ಅದಕ್ಕಿಂತ ಹೆಚ್ಚಾಗಿ, ನೀರಿಲ್ಲದೆ ತೋಟ ಬಾಡುತ್ತಿತ್ತು.

ಆದ್ದರಿಂದ ಮತ್ತೊಮ್ಮೆ ಹೇಳುತ್ತೇನೆ, ಕೊನೆಯ ಸಲ ಎಲ್ಲಿ ಕೈ ಹಾಕಿದ್ದರೋ ಅಲ್ಲಿಯೇ ಮೊದಲು ಹುಡುಕಿ. ಇಂಜೆಕ್ಟರ್ ಬಿಚ್ಚಿದ ಮೇಲೆ ಹೊಗೆ ಬಂದರೆ ವಾಷರ್ ಎಣಿಸಿ. ಇಂಜೆಕ್ಟರಿನ ಬುಡದಲ್ಲಿ ಸ್ವಲ್ಪ ಡೀಸೆಲ್ ಸವರಿ ಇಂಜಿನ್ ಓಡಿಸಿದಾಗ ಗುಳ್ಳೆ ಎದ್ದರೆ ವಾಷರ್ ಸೀಲಾಗಿಲ್ಲ ಎಂದರ್ಥ. ಹಳೆಯ ವಾಷರನ್ನೇ ಹಾಕಬೇಕಾಗಿ ಬಂದರೆ ಅದನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿ, ತಾಮ್ರ ಮೆತ್ತಗಾಗುತ್ತದೆ.

ನಾಜಲ್ಲಿಗೆ ಡೀಸೆಲ್ ಒತ್ತಿ ಕಳುಹಿಸುವ ಡೀಸೆಲ್ ಪಂಪನ್ನು ಬಿಚ್ಚಿ ಹಾಕಿದ ಮೇಲೆ ಬಿಳಿ ಹೊಗೆ ಬಂದರೆ ಪಂಪಿನ ಅಡಿಯಲ್ಲಿರುವ ಶಿಮ್ ಎಂಬ ತೆಳ್ಳನೆಯ ಬಿಲ್ಲೆಗಳನ್ನು ನೋಡಬೇಕು. ಕ್ಯಾಮ್ ಮೇಲೆ ನೇರವಾಗಿ ಕೂರುವ ಪಂಪಿನಲ್ಲಿ ಟೈಮಿಂಗ್, ಅಂದರೆ ಡೀಸೆಲ್ ಬೀಳುವ ಹೊತ್ತು, ನಿರ್ಧಾರವಾಗುವುದು ಅವುಗಳಿಂದಲೇ. ಒಂದು ಶಿಮ್ ಹೆಚ್ಚಾದರೆ ಪಂಪು ಮೇಲೇರುತ್ತದೆ, ಡೀಸೆಲ್ ತಡವಾಗಿ ಬೀಳುತ್ತದೆ, ಹೊಗೆ ಬರುತ್ತದೆ. ಬಿಚ್ಚುವಾಗ ಎಷ್ಟಿದ್ದವೋ ಅಷ್ಟನ್ನೇ, ಅದೇ ದಪ್ಪದ್ದನ್ನೇ ಹಾಕಬೇಕು. ದಯವಿಟ್ಟು ಕ್ಯಾಲೆಂಡರಿನ ರಟ್ಟನ್ನು ಕತ್ತರಿಸಿ ಶಿಮ್ ಮಾಡಬೇಡಿ. ಈ ಅಭ್ಯಾಸವನ್ನು ನಾನು ಎಷ್ಟು ಕಡೆ ಕಂಡಿದ್ದೇನೆ ಎಂದು ಹೇಳಲು ಬೇಸರವಾಗುತ್ತದೆ.

ಹೆಡ್ ಬಿಚ್ಚಿ ಹಾಕಿದ ಮೇಲೆ ರಟ್ಟಿನ ಮೇಲೆ ನೀರಿನ ಪಸೆ ಕಂಡು, ಅಳತೆ ಕಡ್ಡಿಯಲ್ಲಿ ಆಯಿಲ್ಲು ಹಾಲು ಬೆರೆತಂತೆ ಬೆಳ್ಳಗಾಗಿದ್ದರೆ ಇಂಜಿನ್ನನ್ನು ಒಂದು ಕ್ಷಣವೂ ಓಡಿಸಬೇಡಿ. ಗ್ಯಾಸ್ಕೆಟ್ ಸರಿಯಾಗಿ ಕೂತಿಲ್ಲ, ಇಲ್ಲವೇ ಹೆಡ್ ಬಿರುಕು ಬಿಟ್ಟಿದೆ. ಅದೇ ಕೆಲಸದ ನಂತರ ಕಪ್ಪು ಹೊಗೆ ಬಂದು ಶಕ್ತಿ ಕುಂದಿದರೆ ಗಾಳಿ ಒಳಹೋಗುವ ಕೊಳವೆಯನ್ನು ಬಿಚ್ಚಿ ನೋಡಿ. ಕಸ ಬೀಳದಿರಲಿ ಎಂದು ತುರುಕಿದ ಬಟ್ಟೆಯ ಚೂರನ್ನು ತೆಗೆಯಲು ಮರೆತಿರುವುದುಂಟು. ಕಪ್ಪು ಹೊಗೆಗೆ ಹೆದರಿ, ಅಥವಾ ಶಕ್ತಿ ಸಾಲದೆಂದು, ಡೀಸೆಲ್ ಹೆಚ್ಚಿಸುವ ಸೀಲ್ ಮಾಡಿದ ಸ್ಕ್ರೂವನ್ನು ಯಾರೂ ತಿರುಗಿಸಕೂಡದು.

ಹೊಸ ರಿಂಗ್ ಹಾಕಿಸಿದ ಮೇಲೆ ನೀಲಿ ಹೊಗೆ ಬಂದರೆ ಅಳತೆ ಕಡ್ಡಿಯನ್ನೇ ಮೊದಲು ನೋಡಿ, ಆಯಿಲ್ ಗೆರೆಗಿಂತ ಮೇಲಿದ್ದರೆ ಇಳಿಸಿ. ಏರ್ ಕ್ಲೀನರಿನ ಬಟ್ಟಲಿನಲ್ಲಿಯೂ ಆಯಿಲ್ ಗೆರೆ ಮೀರಿರಬಾರದು. ಮೀರಿದರೆ ಇಂಜಿನ್ ಅದನ್ನೇ ಹೀರಿ, ಡೀಸೆಲ್ ನಿಲ್ಲಿಸಿದರೂ ನಿಲ್ಲದೆ, ಹತೋಟಿ ತಪ್ಪಿ ಓಡಬಹುದು. ಹಾಗಾದಾಗ ಗಾಳಿಯ ಬಾಯಿಗೆ ಹಲಗೆ ಒತ್ತಿ ಉಸಿರುಕಟ್ಟಿಸಬೇಕೇ ಹೊರತು ಅಂಗೈ ಇಡಬಾರದು. ಇವೆರಡೂ ಸರಿಯಿದ್ದರೆ ಸೈಲೆನ್ಸರನ್ನು ಅನುಮಾನಿಸಿ. ತಿಂಗಳುಗಟ್ಟಲೆ ಹಳೆಯ ರಿಂಗಿನಿಂದ ಬಂದ ಆಯಿಲ್ಲು ಅದರೊಳಗೆ ನೆನೆದು ಕುಳಿತಿರುತ್ತದೆ, ಬಿಸಿಯಾದಂತೆ ಉರಿದು ಹೊಗೆಯಾಡುತ್ತದೆ, ರಿಂಗಿನ ತಪ್ಪೇನೂ ಇರುವುದಿಲ್ಲ. ಅದನ್ನೂ ನೋಡಿಯಾದ ಮೇಲಷ್ಟೇ ರಿಂಗ್ ತಲೆಕೆಳಗಾಗಿದೆಯೇ, ಅವುಗಳ ಬಾಯಿ ಒಂದರ ಕೆಳಗೊಂದು ಬಂದಿವೆಯೇ ಎಂದು ಪರೀಕ್ಷಿಸಲು ಇಂಜಿನ್ ಬಿಚ್ಚಬೇಕು.

ಹೊಸ ರಿಂಗ್ ಹಾಕಿದ ಇಂಜಿನ್ನನ್ನು ಲೋಡ್ ಇಲ್ಲದೆ ಗಂಟೆಗಟ್ಟಲೆ ಸಣ್ಣಗೆ ಓಡಿಸುವುದು ಒಳ್ಳೆಯದೆಂದು ಬಹಳ ಜನ ನಂಬಿದ್ದಾರೆ. ಇದು ಖಂಡಿತ ತಪ್ಪು. ಲೋಡ್ ಇಲ್ಲದಿದ್ದರೆ ರಿಂಗು ಲೈನರಿಗೆ ಒತ್ತಿ ಸವೆಯುವುದಿಲ್ಲ, ಲೈನರು ಗಾಜಿನ ಹೊಳಪು ಪಡೆದು ನೀಲಿ ಹೊಗೆ ಕಾಯಮ್ಮಾಗಿ ಉಳಿಯುತ್ತದೆ. ಬಿಸಿಯಾದ ಕೂಡಲೇ ಅರ್ಧ ಲೋಡ್ ಕೊಡಿ, ನಂತರ ನಿಧಾನವಾಗಿ ಹೆಚ್ಚಿಸಿ, ಕೈಪಿಡಿಯಲ್ಲಿ ಹೇಳಿದ ಗಂಟೆಗೆ ಆಯಿಲ್ ಬದಲಾಯಿಸಿ.

ಸಮಯ ಮುಗಿಯುತ್ತಿದೆಯಾದರೂ ಎರಡು ಎಚ್ಚರಿಕೆಗಳನ್ನು ಹೇಳದೆ ಬಿಡಲಾರೆ. ನಾಜಲ್ ಹೇಗೆ ಸಿಂಪಡಿಸುತ್ತದೆ ಎಂದು ಹೊರಗೆ ತೆಗೆದು ನೋಡುವಾಗ ಅದರ ಎದುರಿಗೆ ಕೈ ಒಡ್ಡಬೇಡಿ. ಚದರ ಸೆಂಟಿಮೀಟರಿಗೆ ಸುಮಾರು 200 ಕೆ.ಜಿ. ಒತ್ತಡದಲ್ಲಿ ಬರುವ ಡೀಸೆಲ್ಲು ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಕಂಡರೂ ಒಳಗಿನ ಮಾಂಸ ಕೊಳೆತು ಬೆರಳನ್ನೇ ಕಳೆದುಕೊಳ್ಳಬೇಕಾಗಬಹುದು, ಆದ್ದರಿಂದ ನೋವಿಲ್ಲದಿದ್ದರೂ ಆ ಗಳಿಗೆಯೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಇನ್ನೊಂದು, ಹೊಗೆಯ ಪರೀಕ್ಷೆಯನ್ನು ಬಾಗಿಲು ಮುಚ್ಚಿದ ಪಂಪ್ ಮನೆಯಲ್ಲಿ ಮಾಡಬೇಡಿ. ಸೈಲೆನ್ಸರಿನ ಬಾಯಿ ಗೋಡೆಯ ಹೊರಗಿರಲಿ, ನೀವೂ ಹೊರಗೆ ಬಯಲಿನಲ್ಲಿ ನಿಂತು ನೋಡಿ. ನಮಸ್ಕಾರ.