ಒಂಟಿ ಬೀಜದ ಲೆಕ್ಕ

ಕೇಳುಗರಿಗೆ ನಮಸ್ಕಾರ. ಬಾನುಲಿಯಲ್ಲಿ ಗಣಿತ ಹೇಳುವ ಮೇಷ್ಟ್ರಿಗೆ ಕರಿಹಲಗೆಯ ಅನುಕೂಲವಿಲ್ಲ. ಆದರೆ ಕೊಡಗಿನಲ್ಲಿ ಈಗ ಕಣದ ತುಂಬ ಕಾಫಿ ಒಣಗುವ ಕಾಲ. ನಿಮ್ಮಲ್ಲಿ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ಸುಲಿದ ಬೀಜ, ಹರಡಿದ್ದರೆ 45 ಬೀಜ ಎಣಿಸಿ ತನ್ನಿ. ನಾವು ದಿನವೂ ಬಳಸುವ ದಶಮಾನ ಸಂಖ್ಯೆಯನ್ನು 0 ಮತ್ತು 1 ಎಂಬ ಎರಡೇ ಅಂಕಿಗಳ ದ್ವಿಮಾನಕ್ಕೆ ತರಲು ಅಷ್ಟು ಸಾಕು.

ಬೀಜಗಳನ್ನು ಜೋಡಿ ಮಾಡಿ. ಕಾಫಿ ಹಣ್ಣಿನೊಳಗೆ ಅವು ಸಾಮಾನ್ಯವಾಗಿ ಇರುವುದೇ ಜೋಡಿಯಾಗಿ; ಒಂದೇ ಇದ್ದರೆ ಅದು ಪೀಬೆರಿ. ನಮ್ಮ 45ರಲ್ಲಿ 22 ಜೋಡಿಯಾಗಿ ಒಂದು ಪೀಬೆರಿ ಉಳಿಯಿತು. ಕಾಗದದ ಬಲತುದಿಯಲ್ಲಿ 1 ಬರೆಯಿರಿ. ಈಗ ಜೋಡಿಗಳನ್ನೇ ಜೋಡಿಸಿ: ನಾಲ್ಕು ಬೀಜಗಳ 11 ಗುಂಪು, ಉಳಿದದ್ದು ಏನೂ ಇಲ್ಲ. ಹಿಂದಿನದರ ಎಡಕ್ಕೆ 0 ಬರೆಯಿರಿ. ಹನ್ನೊಂದನ್ನು ಜೋಡಿಸಿದರೆ ಐದು, ಉಳಿದದ್ದು 1. ಐದನ್ನು ಜೋಡಿಸಿದರೆ ಎರಡು, ಮತ್ತೆ 1. ಎರಡನ್ನು ಜೋಡಿಸಿದರೆ ಒಂದು, ಉಳಿದದ್ದು 0. ಆ ಕೊನೆಯ ರಾಶಿಗೆ ಜೊತೆಯೇ ಇಲ್ಲ, ಆದ್ದರಿಂದ 1. ಎಡದಿಂದ ಓದಿ: 101101.

ಎರಡರಿಂದ ಭಾಗಿಸು, ಶೇಷ ಬರೆ, ಕೆಳಗಿನಿಂದ ಮೇಲಕ್ಕೆ ಓದು ಎಂದು ನಾನೂ ವರ್ಷಗಟ್ಟಲೆ ಬಾಯಿಪಾಠ ಮಾಡಿಸಿದ್ದೇನೆ. ಕೆಳಗಿನಿಂದಲೇ ಏಕೆ ಎಂದು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಾಗ, ಅದು ನಿಯಮ ಎಂದು ಗದರಿಸಿ ಕೂರಿಸಿದ್ದೆ. ಬೀಜ ಕೈಯಲ್ಲಿದ್ದಿದ್ದರೆ ಉತ್ತರಕ್ಕೆ ತಡಕಾಡಬೇಕಿರಲಿಲ್ಲ. ಮೊದಲು ಉಳಿದದ್ದು ಒಂಟಿ ಬೀಜ. ಮುಂದೆ ಉಳಿದವು ನಾಲ್ಕರ ಗುಂಪು, ಎಂಟರ ಗುಂಪು, ಕಟ್ಟಕಡೆಗೆ 32ರ ರಾಶಿ. ಕೂಡಿಸಿ ನೋಡಿ, 45 ಆಗುತ್ತದೆ. ನಲವತ್ತೈದು ಎನ್ನುವಾಗ ನಲವತ್ತನ್ನು ಮೊದಲು ಹೇಳುವಂತೆ ಇಲ್ಲಿಯೂ ದೊಡ್ಡ ರಾಶಿ ಮುಂದೆ ಬರುತ್ತದೆ.

ಒಂದಕ್ಕಿಂತ ಕಡಿಮೆಯಿದ್ದರೆ? ಅದು ನಮ್ಮ ಅಜ್ಜಿಯ ಅಕ್ಕಿ ಲೆಕ್ಕ. ಸೇರಿನ ಅರ್ಧ ಅಚ್ಚೇರು, ಅದರ ಅರ್ಧ ಪಾವು, ಅದರ ಅರ್ಧ ಅರೆಪಾವು, ಅದರ ಅರ್ಧ ಚಟಾಕು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ 1956ರಲ್ಲೇ ಮೆಟ್ರಿಕ್ ಅಳತೆಯ ಕಾಯ್ದೆಯೂ ಬಂತು. ನಮ್ಮ ಅಡುಗೆಮನೆಯ ಪಾವು ಅದಕ್ಕೆ ಕಿವಿಗೊಡಲಿಲ್ಲ. ಮುಕ್ಕಾಲು ಸೇರು ಎಂದರೆ ಒಂದು ಅಚ್ಚೇರು, ಒಂದು ಪಾವು. ದ್ವಿಮಾನದಲ್ಲಿ 0.11. ಕಾಗದದ ಮೇಲೆ ಮಾಡುವುದಾದರೆ ಭಾಗಿಸುವ ಬದಲು ಎರಡರಿಂದ ಗುಣಿಸುತ್ತ ಹೋಗಿ, ಬಿಂದುವಿನ ಎಡಕ್ಕೆ ಬಂದ ಅಂಕಿಯನ್ನು ಎತ್ತಿಟ್ಟುಕೊಳ್ಳಬೇಕು. ಇಲ್ಲಿ ಮೊದಲು ಬಂದದ್ದೇ ಮೊದಲು.

ಆದರೆ ಸೇರಿನ ಹತ್ತನೆಯ ಒಂದು ಭಾಗ ಅಳೆದುಕೊಡಿ ಎಂದರೆ ಅಜ್ಜಿ ಸೋಲುತ್ತಿದ್ದರು. ಒಂದು ಚಟಾಕು ಹಾಕಿ, ಅದರ ಅರ್ಧವನ್ನೂ ಹಾಕಿದರೆ ಇನ್ನೂ ಚೂರು ಸಾಲದು. ಆಮೇಲೆ ಎಷ್ಟು ಅರ್ಧ ಮಾಡಿದರೂ ಸರಿಹೋಗುವುದಿಲ್ಲ; 0011 ಎಂಬ ಸಾಲು ಮರುಕಳಿಸುತ್ತಲೇ ಇರುತ್ತದೆ. ದ್ವಿಮಾನದಲ್ಲೇ ಲೆಕ್ಕ ಮಾಡುವ ಕಂಪ್ಯೂಟರ್ ಎಲ್ಲೋ ಒಂದು ಕಡೆ ಕತ್ತರಿಸಿ ಕೈತೊಳೆದುಕೊಳ್ಳುತ್ತದೆ. ಮನೆಯಲ್ಲಿ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿಯುವ ಮಕ್ಕಳಿದ್ದರೆ 0.1ಕ್ಕೆ 0.2 ಕೂಡಿಸಲು ಹೇಳಿ. 0.3 ಬರಬೇಕಾದ ಕಡೆ, ಬಿಂದುವಿನಿಂದ 17ನೆಯ ಸ್ಥಾನದಲ್ಲಿ ಒಂದು 4 ಇಣುಕುತ್ತದೆ.