ಬಿಸಿಯೂಟದ ಅಡುಗೆಯವರ ಸಂಬಳ

ಕೇಳುಗರಿಗೆ ನಮಸ್ಕಾರ.

ಸರ್ಕಾರಿ ಪ್ರಾಥಮಿಕ ಶಾಲೆಯೊಂದರಲ್ಲಿ ಮುಖ್ಯ ಶಿಕ್ಷಕನಾಗಿದ್ದ ವರ್ಷಗಳಲ್ಲಿ ಪ್ರತಿ ತಿಂಗಳ ಕೊನೆಗೆ ನಾನು ಎರಡು ಬಗೆಯ ಕಾಗದಗಳಿಗೆ ಸಹಿ ಹಾಕುತ್ತಿದ್ದೆ. ಒಂದು ಶಿಕ್ಷಕರದು, ಇನ್ನೊಂದು ಬಿಸಿಯೂಟದ ಅಡುಗೆಯವರದು. ಮೊದಲನೆಯದರ ಮೇಲೆ ‘ವೇತನ’ ಎಂದು ಬರೆದಿರುತ್ತಿತ್ತು, ಎರಡನೆಯದರ ಮೇಲೆ ‘ಗೌರವಧನ’ ಎಂದು. ಬಹಳ ಕಾಲ ಈ ಎರಡು ಪದಗಳ ನಡುವಿನ ವ್ಯತ್ಯಾಸದ ಕಡೆಗೆ ನನ್ನ ಗಮನ ಹೋಗಿರಲಿಲ್ಲ, ಹೋಗಬೇಕಾಗಿತ್ತು. ಏಕೆಂದರೆ ಕೊಡುವ ಹಣವನ್ನು ವೇತನವೆಂದು ಕರೆದ ಕೂಡಲೇ ಅದಕ್ಕೊಂದು ಕನಿಷ್ಠ ಮಟ್ಟ ಬೇಕಾಗುತ್ತದೆ, ತುಟ್ಟಿಭತ್ಯೆ, ರಜೆ, ಭವಿಷ್ಯನಿಧಿ, ಗ್ರಾಚ್ಯುಟಿ ಎನ್ನುವ ಉಪದಾನ ಮುಂತಾದವೆಲ್ಲ ಅದರ ಹಿಂದೆಯೇ ಬರುತ್ತವೆ. ಗೌರವಧನ ಎಂದು ಕರೆದರೆ ಇವುಗಳಲ್ಲಿ ಯಾವುದೂ ಬರುವುದಿಲ್ಲ. ಕೊಟ್ಟಷ್ಟನ್ನು ಕೈಮುಗಿದು ತೆಗೆದುಕೊಳ್ಳಬೇಕು. ನಮ್ಮ ಶಾಲೆಗಳ ಅಡುಗೆಯವರಿಗೆ ಆಗುತ್ತಿರುವ ಅನ್ಯಾಯದ ಬಹುಪಾಲು ಈ ಒಂದು ಪದದೊಳಗೇ ಅಡಗಿದೆ ಎಂಬುದು ನನ್ನ ತಿಳಿವಳಿಕೆ.

ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕೆಂದು ಸುಪ್ರೀಂ ಕೋರ್ಟ್ ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ ಆದೇಶಿಸಿದ್ದು 2001ರ ನವೆಂಬರ್ 28ರಂದು. ಮರುವರ್ಷವೇ ಕರ್ನಾಟಕ ಸರ್ಕಾರ ‘ಅಕ್ಷರ ದಾಸೋಹ’ ಎಂಬ ಹೆಸರಿನಲ್ಲಿ ರಾಜ್ಯದ ಉತ್ತರ ಭಾಗದ ಏಳು ಜಿಲ್ಲೆಗಳಲ್ಲಿ ಬಿಸಿಯೂಟ ಆರಂಭಿಸಿ, ಆಮೇಲೆ ಉಳಿದ ಜಿಲ್ಲೆಗಳಿಗೂ ವಿಸ್ತರಿಸಿತು. ಅಡುಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ಇರಬೇಕೆಂದು ಅದೇ ನ್ಯಾಯಾಲಯ 2004ರಲ್ಲಿ ಹೇಳಿತು. ದಲಿತ ಮಹಿಳೆ ಮಾಡಿದ ಅಡುಗೆಯನ್ನು ಉಣ್ಣಲೊಲ್ಲೆವೆಂದು ಮಕ್ಕಳನ್ನು ಮನೆಗೆ ಕರೆದೊಯ್ದ ಪೋಷಕರ ಸುದ್ದಿಗಳನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದಿದ್ದೇವೆ. ಆ ಒಲೆಯ ಮುಂದೆ ನಿಲ್ಲುವುದಕ್ಕೆ ಬರಿಯ ಅಡುಗೆ ಬಂದರೆ ಸಾಲದು, ಎದೆಗಾರಿಕೆಯೂ ಬೇಕಾಗಿತ್ತು. ಇಂದು ರಾಜ್ಯದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಈ ಕೆಲಸದಲ್ಲಿದ್ದಾರೆ. ಹೆಚ್ಚುಕಡಿಮೆ ಎಲ್ಲರೂ ಮಹಿಳೆಯರು. ಅವರಲ್ಲಿ ವಿಧವೆಯರು, ಗಂಡ ಬಿಟ್ಟವರು, ತುಂಡು ಭೂಮಿಯೂ ಇಲ್ಲದವರು ಬಹಳ.

ಅವರ ಕೆಲಸ ದಿನಕ್ಕೆ ನಾಲ್ಕು ಗಂಟೆಯದು, ಅಂದರೆ ಅರೆಕಾಲಿಕ ಎಂಬುದು ಕಾಗದದ ಲೆಕ್ಕ. ಆ ಲೆಕ್ಕವನ್ನು ನಾನೂ ನಂಬಿದ್ದೆ. ಒಮ್ಮೆ ಗೌರವಧನ ಬರುವುದು ಮೂರು ತಿಂಗಳು ತಡವಾದಾಗ, ನಮ್ಮ ಹಿರಿಯ ಅಡುಗೆಯವರು ಬಾಗಿಲ ಬಳಿ ನಿಂತು ಕೇಳಿದ್ದಕ್ಕೆ, “ನಾಲ್ಕು ತಾಸಿನ ಕೆಲಸ ಅಲ್ವೇನಮ್ಮ, ಬರುತ್ತೆ, ಸ್ವಲ್ಪ ತಾಳಿ” ಎಂದುಬಿಟ್ಟೆ. ಅವರು ಏನನ್ನೂ ಹೇಳದೆ ಅಡುಗೆ ಕೋಣೆಗೆ ಹೋದರು. ಮರುದಿನ ನಾನು ಸುಮ್ಮನೆ ಗಡಿಯಾರ ನೋಡುತ್ತಾ ಕುಳಿತೆ. ಒಂಬತ್ತು ಗಂಟೆಗೆ ಬೀಗ ತೆಗೆದರು. ಮಕ್ಕಳು ಪ್ರಾರ್ಥನೆ ಮುಗಿಸುವಷ್ಟರಲ್ಲಿ ಹಾಲಿನ ಪುಡಿ ಕಲಸಿ, ಗಂಟು ಕಟ್ಟದಂತೆ ಕುದಿಸಿ, ಲೋಟಗಳಿಗೆ ಬಗ್ಗಿಸಿ ಆಗಿರಬೇಕು. ಅದರ ಲೋಟಗಳನ್ನು ತೊಳೆಯುವುದರೊಳಗೆ ಅಕ್ಕಿ ಆರಿಸುವ ಕೆಲಸ ಕಾದಿರುತ್ತದೆ. ತೊಂಬತ್ತು ಮಕ್ಕಳಿಗೆ, ತಲೆಗೆ 100 ಗ್ರಾಮಿನಂತೆ, ಒಂಬತ್ತು ಕಿಲೋ ಅಕ್ಕಿ. ಎರಡು ಕಿಲೋದ ಹತ್ತಿರ ಬೇಳೆ. ನಾಲ್ಕೂವರೆ ಕಿಲೋ ತರಕಾರಿ. ಕುದಿಯುವ ಸಾರಿನ ಪಾತ್ರೆಯನ್ನು ಇಬ್ಬರು ಹೆಂಗಸರು ಹಳೆಯ ಸೀರೆಯ ತುಂಡು ಸುತ್ತಿದ ಕೈಗಳಲ್ಲಿ ಒಲೆಯಿಂದ ಇಳಿಸುವುದನ್ನು ಅಂದು ಮೊದಲ ಬಾರಿಗೆ ನೆಟ್ಟ ನೋಟದಿಂದ ನೋಡಿದೆ. ಅದು ಜಾರಿದರೆ ಏನಾಗಬಹುದೆಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಬಡಿಸಿ, ತಟ್ಟೆಗಳನ್ನೂ ಕೊಪ್ಪರಿಗೆಯನ್ನೂ ತಿಕ್ಕಿ, ನೆಲ ಒರೆಸಿ, ದಾಸ್ತಾನು ವಹಿಯಲ್ಲಿ ಅಂದಿನ ಖರ್ಚು ಬರೆಸಿ ಬೀಗ ಹಾಕಿದಾಗ ಮೂರೂವರೆ ದಾಟಿತ್ತು. ಆರೂವರೆ ಗಂಟೆ. ಮಧ್ಯೆ ಕುಳಿತದ್ದು ಊಟಕ್ಕೆ ಮಾತ್ರ.

2013ರಲ್ಲಿ ಕ್ಷೀರಭಾಗ್ಯ ಬಂತು, ಆಮೇಲೆ ಮೊಟ್ಟೆ ಬಂತು, ರಾಗಿ ಮಾಲ್ಟ್ ಬಂತು. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ವಾರಕ್ಕೆ ಆರು ದಿನವೂ ಮೊಟ್ಟೆ ಕೊಡುವ ಏರ್ಪಾಡಾಯಿತು. ಇವೆಲ್ಲವೂ ಮಕ್ಕಳ ಪಾಲಿಗೆ ಒಳ್ಳೆಯವೇ, ಆ ಬಗ್ಗೆ ಎರಡು ಮಾತಿಲ್ಲ. ಆದರೆ ಹೊಸ ತಿನಿಸು ಬಂದಾಗಲೆಲ್ಲ ಕೆಲಸ ಹೆಚ್ಚಿತೇ ಹೊರತು ಕೆಲಸದ ಅವಧಿ ಕಾಗದದಲ್ಲಿ ನಾಲ್ಕು ಗಂಟೆಯಾಗಿಯೇ ಉಳಿಯಿತು. ಒಂದು ಮೊಟ್ಟೆಗೆಂದು ನಿಗದಿಯಾದ ಆರು ರೂಪಾಯಿಯಲ್ಲಿ ಸುಲಿಯುವ ಕೂಲಿ ಎಂದು 30 ಪೈಸೆ ಎತ್ತಿಡಲಾಗಿದೆ. ಬಿಸಿ ಆರುವ ಮುನ್ನವೇ ಸುಲಿಯಬೇಕು, ಏಕೆಂದರೆ ಊಟದ ಗಂಟೆ ಕಾಯುವುದಿಲ್ಲ. ಉಗುರಿನ ಸಂದಿಗೆ ಸಿಪ್ಪೆ ಚುಚ್ಚಿ ಬೆರಳ ತುದಿಗಳು ಕೆಂಪಾಗುತ್ತವೆ. ಎಂಬತ್ತು ಮೊಟ್ಟೆ ಸುಲಿದರೆ 24 ರೂಪಾಯಿ, ಅದನ್ನು ಇಬ್ಬರು ಹಂಚಿಕೊಂಡರೆ ತಲೆಗೆ 12. ಇದನ್ನು ಲೆಕ್ಕ ಹಾಕಿ ಹೇಳಿದಾಗ ಕಿರಿಯ ಅಡುಗೆಯವರೊಬ್ಬರು ನಕ್ಕು, “ಸರ್, ಅಷ್ಟಾದರೂ ಅದಕ್ಕೆ ಕೂಲಿ ಅಂತ ಹೆಸರಿಟ್ಟಿದಾರಲ್ಲ” ಎಂದರು. ನಾನು ಈ ಭಾಷಣದ ಆರಂಭದಲ್ಲಿ ಹೇಳಿದ ಮಾತನ್ನು ಅವರು ನನಗಿಂತ ಮೊದಲೇ, ನನಗಿಂತ ಚೆನ್ನಾಗಿ ಹೇಳಿದ್ದರು.

ಇನ್ನು ಹಣದ ವಿಷಯ. ಅಡುಗೆಯವರಿಗೆ ತಿಂಗಳಿಗೆ 1,000 ರೂಪಾಯಿ, ಅದೂ ವರ್ಷದಲ್ಲಿ ಹತ್ತು ತಿಂಗಳಿಗೆ ಮಾತ್ರ ಎಂದು ಕೇಂದ್ರ ಸರ್ಕಾರ 2009ರಲ್ಲಿ ಗೊತ್ತುಮಾಡಿತು. ಯೋಜನೆಗೆ 2021ರಲ್ಲಿ ‘ಪಿಎಂ ಪೋಷಣ್’ ಎಂಬ ಹೊಸ ಹೆಸರು ಬಂದರೂ ಆ ಸಾವಿರ ಸಾವಿರವಾಗಿಯೇ ಇದೆ. ಅದರಲ್ಲಿ ಕೇಂದ್ರದ ಪಾಲು 600 ರೂಪಾಯಿ. ಮೇಲಿನದನ್ನೆಲ್ಲ ಆಯಾ ರಾಜ್ಯಗಳೇ ಕೈಯಿಂದ ಹಾಕಿಕೊಳ್ಳುತ್ತವೆ. ಕರ್ನಾಟಕದಲ್ಲಿ ಮುಖ್ಯ ಅಡುಗೆಯವರಿಗೆ 3,700, ಸಹಾಯಕರಿಗೆ 3,600 ರೂಪಾಯಿ ಇದ್ದದ್ದಕ್ಕೆ 2025ರ ಮಾರ್ಚ್ ತಿಂಗಳ ಬಜೆಟ್ಟಿನಲ್ಲಿ ಇನ್ನೊಂದು ಸಾವಿರ ಹೆಚ್ಚಿಸುವ ಘೋಷಣೆಯಾಯಿತು. ಅದನ್ನು ಸೇರಿಸಿಕೊಂಡರೂ ತಿಂಗಳ ಇಪ್ಪತ್ತೈದು ಕೆಲಸದ ದಿನಗಳಿಗೆ ಹಂಚಿದರೆ ದಿನವೊಂದಕ್ಕೆ 190 ರೂಪಾಯಿ ಮುಟ್ಟುವುದಿಲ್ಲ. ಅದೇ ಊರಿನಲ್ಲಿ ಉದ್ಯೋಗ ಖಾತ್ರಿಯಡಿ ಕೆರೆಯ ಹೂಳೆತ್ತಲು ಹೋದವರಿಗೆ 2025–26ರಲ್ಲಿ ಕರ್ನಾಟಕಕ್ಕೆ ನಿಗದಿಯಾಗಿದ್ದ ದಿನಗೂಲಿ 370 ರೂಪಾಯಿ. ಹೂಳೆತ್ತುವವರಿಗೆ ಹೆಚ್ಚು ಸಿಗುತ್ತದೆಂದು ಯಾರೂ ಕರುಬುವಂತಿಲ್ಲ, ಅದೂ ಕಡಿಮೆಯೇ. ಮಕ್ಕಳಿಗೆ ಅನ್ನ ಬೇಯಿಸುವ ಕೆಲಸಕ್ಕೆ ಅದರ ಅರ್ಧ ಸಾಕೆಂದು ಯಾವ ತಕ್ಕಡಿಯಲ್ಲಿ ತೂಗಿದರೆಂಬುದು ಮಾತ್ರ ನನಗೆ ತಿಳಿಯದು. ಹೋಟೆಲಿನ ಅಡುಗೆಯವರಿಗೆ ಸರ್ಕಾರವೇ ಕನಿಷ್ಠ ವೇತನ ಗೊತ್ತುಮಾಡಿ, ಕೊಡದ ಮಾಲೀಕರ ಮೇಲೆ ಕ್ರಮ ಕೈಗೊಳ್ಳುತ್ತದೆ. ಅದೇ ಅಕ್ಕಿ, ಅದೇ ಬೇಳೆ, ಅದೇ ಸಿಲಿಂಡರ್. ಮಾಲೀಕ ಸರ್ಕಾರವೇ ಆದಾಗ ಮಾತ್ರ ಕೆಲಸದ ಹೆಸರು ‘ಸೇವೆ’ ಎಂದಾಗಿಬಿಡುತ್ತದೆ.

ಇದಕ್ಕಿಂತ ವಿಚಿತ್ರವಾದ ಸಂಗತಿ ಒಂದಿದೆ. ಬೇಳೆ, ಎಣ್ಣೆ, ತರಕಾರಿ, ಇಂಧನಕ್ಕೆಂದು ಮಗುವೊಂದಕ್ಕೆ ದಿನಕ್ಕೆ ಕೊಡುವ ಸಾಮಗ್ರಿ ವೆಚ್ಚವನ್ನು ಕೇಂದ್ರ ಸರ್ಕಾರ ಗ್ರಾಮೀಣ ಕಾರ್ಮಿಕರ ಬೆಲೆ ಸೂಚ್ಯಂಕ ನೋಡಿ ಪರಿಷ್ಕರಿಸುತ್ತದೆ. 2022ರ ಅಕ್ಟೋಬರಿನಲ್ಲಿ ಕಿರಿಯ ಪ್ರಾಥಮಿಕದ ಮಗುವಿಗೆ 5 ರೂಪಾಯಿ 45 ಪೈಸೆ ಇದ್ದದ್ದು 2025ರ ಮೇ ತಿಂಗಳಿಂದ 6 ರೂಪಾಯಿ 78 ಪೈಸೆಯಾಯಿತು. ಹಿರಿಯ ಪ್ರಾಥಮಿಕಕ್ಕೆ 8 ರೂಪಾಯಿ 17 ಪೈಸೆ ಇದ್ದದ್ದು 10 ರೂಪಾಯಿ 17 ಪೈಸೆಗೆ ಏರಿತು. ಬೇಳೆಯ ಬೆಲೆ ಏರುತ್ತದೆಂದು ಒಪ್ಪಿಕೊಂಡಾಯಿತು. ಆ ಬೇಳೆ ಬೇಯಿಸುವಾಕೆ ತನ್ನ ಮನೆಗೂ ಅದೇ ಅಂಗಡಿಯಿಂದ, ಅದೇ ಏರಿದ ಬೆಲೆಗೆ ಬೇಳೆ ಕೊಳ್ಳುತ್ತಾಳೆಂಬುದನ್ನು ಮಾತ್ರ 2009ರಿಂದ ಯಾವ ಸೂಚ್ಯಂಕವೂ ಕಂಡಿಲ್ಲ.

ನ್ಯಾಯಾಲಯಗಳು ಕಂಡಿವೆ. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆ ಎಂದು ಸುಪ್ರೀಂ ಕೋರ್ಟ್ 1982ರಲ್ಲಿಯೇ, ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ ಹೇಳಿತ್ತು. ಅದೇ ಜಾಡಿನಲ್ಲಿ ಅಲಹಾಬಾದ್ ಹೈಕೋರ್ಟ್ 2020ರ ಡಿಸೆಂಬರಿನಲ್ಲಿ, ಉತ್ತರ ಪ್ರದೇಶದ ಶಾಲಾ ಅಡುಗೆಯವರಿಗೆ ಸಾವಿರ ರೂಪಾಯಿ ಕೊಟ್ಟು ದುಡಿಸುತ್ತಿದ್ದುದನ್ನು ಬಲವಂತದ ದುಡಿಮೆಯೆಂದೇ ಕರೆದು, ಕನಿಷ್ಠ ವೇತನ ಕೊಡಲು ಆದೇಶಿಸಿತು. ಬಡತನದ ಒತ್ತಾಯದಿಂದ ಬಾಯಿಬಿಡದೆ ದುಡಿಯುವುದನ್ನು ಒಪ್ಪಿಗೆ ಎಂದು ಎಣಿಸಲಾಗದು ಎಂಬುದು ಈ ತೀರ್ಪುಗಳ ತಿರುಳು. ಸರ್ಕಾರ, ಮಾಲೀಕರು, ಕಾರ್ಮಿಕ ಸಂಘಗಳು ಮೂವರೂ ಕೂಡುವ ಭಾರತೀಯ ಕಾರ್ಮಿಕ ಸಮ್ಮೇಳನವೂ ತನ್ನ 45ನೆಯ ಅಧಿವೇಶನದಲ್ಲಿ, 2013ರಲ್ಲಿ, ಇಂಥ ಸರ್ಕಾರಿ ಯೋಜನೆಗಳಲ್ಲಿ ದುಡಿಯುವವರನ್ನು ಕಾರ್ಮಿಕರೆಂದು ಮನ್ನಿಸಿ ಕನಿಷ್ಠ ವೇತನ ಕೊಡಬೇಕೆಂದು ಶಿಫಾರಸು ಮಾಡಿದೆ.

ಇವರ ಕೆಲಸ ಎಷ್ಟು ತೆಳುವಾದ ದಾರದ ಮೇಲೆ ನಿಂತಿದೆ ಎಂಬುದಕ್ಕೆ ನನ್ನ ಕೈಯಿಂದಲೇ ನಡೆದ ಒಂದು ಸಂಗತಿಯನ್ನು ಹೇಳುತ್ತೇನೆ. ಇಪ್ಪತ್ತೈದು ಮಕ್ಕಳವರೆಗೆ ಒಬ್ಬರು, ಇಪ್ಪತ್ತಾರರಿಂದ ನೂರರವರೆಗೆ ಇಬ್ಬರು ಅಡುಗೆಯವರು ಎಂಬುದು ನಿಯಮ. ತೊಂಬತ್ತು ಮಕ್ಕಳ ಶಾಲೆಗೆ ಬರುವ ಮೊದಲು ನಾನಿದ್ದ ಸಣ್ಣ ಶಾಲೆಯಲ್ಲಿ ಇಪ್ಪತ್ತಾರು ಮಕ್ಕಳಿದ್ದರು. ಒಂದು ದಿನ ಒಬ್ಬ ತಂದೆ ಬಂದು, ಮಗಳನ್ನು ಪಟ್ಟಣದ ಶಾಲೆಗೆ ಸೇರಿಸುತ್ತೇನೆ, ವರ್ಗಾವಣೆ ಪತ್ರ ಕೊಡಿ ಎಂದರು. ಕೊಡದಿರಲು ನನಗೆ ಅಧಿಕಾರವಿಲ್ಲ. ಬರೆದು, ಮೊಹರು ಒತ್ತಿ ಕೊಟ್ಟೆ. ಆ ಮೊಹರಿನೊಂದಿಗೆ ಹದಿನಾಲ್ಕು ವರ್ಷ ಅಡುಗೆ ಮಾಡಿದ್ದ ಒಬ್ಬ ಹೆಂಗಸಿನ ಕೆಲಸ ಹೋಯಿತು. ಅವರಿಗೆ ನೋಟಿಸ್ ಇಲ್ಲ, ಪರಿಹಾರವಿಲ್ಲ, ಮೇಲ್ಮನವಿ ಸಲ್ಲಿಸುವ ಜಾಗವೂ ಇಲ್ಲ. ಉಳಿದ ಇಪ್ಪತ್ತೈದು ಮಕ್ಕಳ ಅಡುಗೆ, ಬಡಿಸುವುದು, ಪಾತ್ರೆ ಎಲ್ಲವೂ ಅದೇ ಹಣಕ್ಕೆ ಇನ್ನೊಬ್ಬರ ಹೆಗಲಿಗೆ ಬಿತ್ತು.

ಸರ್ಕಾರದ ಬಳಿ ಹಣವೆಲ್ಲಿದೆ ಎಂಬ ಪ್ರಶ್ನೆ ಏಳುವುದು ಸಹಜ. ಒಂದು ಲಕ್ಷ ಮಂದಿಗೆ ತಿಂಗಳಿಗೆ ಸಾವಿರ ಹೆಚ್ಚಿಸಿದರೆ ಹತ್ತು ತಿಂಗಳಿಗೆ ತಗಲುವುದು 100 ಕೋಟಿ ರೂಪಾಯಿ. ಲಕ್ಷಾಂತರ ಕೋಟಿಯ ಬಜೆಟ್ಟಿನಲ್ಲಿ ಇದು ದೊಡ್ಡ ಮೊತ್ತವಲ್ಲ, ಆದರೂ ಪೂರ್ತಿ ಕನಿಷ್ಠ ವೇತನ ಕೊಡುವುದಾದರೆ ಹೊರೆ ಗಣನೀಯವೇ ಆಗುತ್ತದೆಂಬುದನ್ನು ಮರೆಮಾಚಬಾರದು. ಹಾಗೆಂದು ಇದು ಆಗದ ಮಾತೇನೂ ಅಲ್ಲ. ಕೇರಳ ತನ್ನ ಶಾಲಾ ಅಡುಗೆಯವರಿಗೆ ಕೆಲಸದ ದಿನಕ್ಕೆ 600 ರೂಪಾಯಿಗೆ ಕಡಿಮೆಯಿಲ್ಲದಂತೆ ಗೊತ್ತುಮಾಡಿದೆ. ತಮಿಳುನಾಡಿನಲ್ಲಿ ಇವರಿಗೆಂದೇ ಪ್ರತ್ಯೇಕ ವೇತನ ಶ್ರೇಣಿಯಿದೆ. ಕೇಂದ್ರ ತನ್ನ 600 ರೂಪಾಯಿಯನ್ನು ಅಲ್ಲಿಯೇ ನಿಲ್ಲಿಸಿ ಕೂತಿರುವವರೆಗೆ ರಾಜ್ಯಗಳ ಮೇಲಿನ ಭಾರ ಏರುತ್ತಲೇ ಹೋಗುತ್ತದೆ. ಆದ್ದರಿಂದ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂರುವ ಮಹಿಳೆಯರ ಬೇಡಿಕೆ ದೆಹಲಿಗೂ ಮುಟ್ಟಬೇಕು.

ವೇತನವೆಂಬ ಪದ ಒಪ್ಪಿತವಾಗುವವರೆಗೆ ಕಾಯದೆ ಈಗಲೇ ಮಾಡಬಹುದಾದ ಕೆಲಸಗಳೂ ಇವೆ. ಸಾಮಗ್ರಿ ವೆಚ್ಚಕ್ಕೆ ಬಳಸುವ ಸೂಚ್ಯಂಕವನ್ನೇ ಅಡುಗೆಯವರ ಹಣಕ್ಕೂ ಹೊಂದಿಸುವುದಕ್ಕೆ ಹೊಸ ಕಾನೂನು ಬೇಕಾಗಿಲ್ಲ, ಒಂದು ಆದೇಶ ಸಾಕು. ಶಿಕ್ಷಕರಿಗೆ ಬೇಸಿಗೆ ರಜೆಯಲ್ಲೂ ಸಂಬಳ ಬರುವಾಗ ಅಡುಗೆಯವರಿಗೆ ಏಪ್ರಿಲ್, ಮೇ ತಿಂಗಳುಗಳಲ್ಲಿ ಹಸಿವಿಲ್ಲವೆಂದು ಭಾವಿಸುವ ಹತ್ತು ತಿಂಗಳ ನಿಯಮವನ್ನು ಕೈಬಿಡಬಹುದು. ಅಂಗನವಾಡಿ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ಉಪದಾನ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ 2022ರ ಏಪ್ರಿಲಿನಲ್ಲಿ ತೀರ್ಪಿತ್ತಾಗ, ಅವರಿಗೆ ಕೊಡುತ್ತಿರುವ ಗೌರವಧನವೂ ಉಪದಾನ ಪಾವತಿ ಕಾಯ್ದೆಯ ಅರ್ಥದಲ್ಲಿ ವೇತನವೇ ಎಂದು ಹೇಳಿದೆ. ಅರವತ್ತು ತುಂಬಿ ಅಡುಗೆ ಕೋಣೆಯ ಬೀಗದ ಕೈ ಒಪ್ಪಿಸಿ ಹೋಗುವ ಬಿಸಿಯೂಟದವರಿಗೂ ಅದೇ ಅರ್ಥ ಏಕೆ ಅನ್ವಯಿಸಬಾರದೆಂದು ರಾಜ್ಯ ಸರ್ಕಾರದ ಕಾನೂನು ಇಲಾಖೆಯನ್ನು ಕೇಳಬೇಕಾಗಿದೆ.

ನಮಸ್ಕಾರ.