ಟೈಮ್ ಹೇಳಿದ್ದು ಯಾರು?

ಎಲ್ಲರಿಗೂ ನಮಸ್ಕಾರ. ಎನ್‌ಟಿಪಿ ಅಂದ್ರೆ ನೆಟ್‌ವರ್ಕ್ ಮೂಲಕ ಯಂತ್ರಗಳ ಗಡಿಯಾರ ಹೊಂದಿಸುವ ವ್ಯವಸ್ಥೆ ಅಂತ ಇಲ್ಲಿ ಕೂತವರಿಗೆ ಹೇಳಬೇಕಿಲ್ಲ. ಡೇವಿಡ್ ಮಿಲ್ಸ್ 1985ರಲ್ಲಿ ಬರೆದಿಟ್ಟ ಪ್ರೋಟೋಕಾಲ್ ಇವತ್ತಿಗೂ ಯುಡಿಪಿ 123ನೇ ಪೋರ್ಟ್‌ನಲ್ಲಿ ತನ್ನ ಪಾಡಿಗೆ ಓಡುತ್ತಿದೆ. ತನ್ನ ಪಾಡಿಗೆ ಓಡುತ್ತಿದೆ ಅನ್ನೋದೇ ನನ್ನ ತಕರಾರು. ಟೈಮ್ ಸರಿ ಇದೆಯಾ ಅಂತ ಎಲ್ಲರೂ ನೋಡುತ್ತೇವೆ. ಹೇಳಿದ್ದು ಯಾರು ಅಂತ ಕೇಳುವುದಿಲ್ಲ.

ಒಂದು ಕಂಪನಿಯ ಕಥೆ. ಹೆಸರು ಬೇಡ. ಸಿಸ್ಕೊ ರೌಟರ್‌ಗಳು. ಟೈಮ್ ಹೇಳುವ ಸರ್ವರ್ ಅಸಲಿಯೇ ಅಂತ ಪರೀಕ್ಷಿಸಲು ಕೀ 10 (ಎರಡೂ ಕಡೆ ಇಡುವ, 10 ಅನ್ನೋ ನಂಬರಿನ ಗುಟ್ಟಿನ ಪದ) ಹಾಕಿದ್ದರು, ಅದನ್ನು ಟ್ರಸ್ಟೆಡ್, ಅಂದರೆ ನಂಬಬಹುದಾದದ್ದು, ಅಂತಲೂ ಬರೆದಿದ್ದರು, ಪರೀಕ್ಷೆ ಆನ್ ಮಾಡುವ 'ಎನ್‌ಟಿಪಿ ಅಥೆಂಟಿಕೇಟ್' ಕೂಡ ಇತ್ತು. ಆಡಿಟರ್ ಟಿಕ್ ಹಾಕಿ ಹೊರಟರು. ಆಮೇಲೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಸುಮ್ನೆ ಕುತೂಹಲಕ್ಕೆ ಲ್ಯಾಬ್‌ನಲ್ಲಿ ಅದೇ ಕಾನ್ಫಿಗ್ ಹಾಕಿ, ಸರ್ವರ್‌ನ ಕೀ ಮಾತ್ರ ಬದಲಿಸಿದಳು. ಕೀ ಹೊಂದದ್ದರಿಂದ ರೌಟರ್ ಸಿಂಕ್ ಬಿಡಬೇಕಿತ್ತು, ಅಂದರೆ ಆ ಸರ್ವರ್‌ನ ಟೈಮ್ ಒಪ್ಪಬಾರದಿತ್ತು, ಅಲ್ವಾ? ಬಿಡಲಿಲ್ಲ. ಸರ್ವರ್ ಉತ್ತರಿಸಿತೇ ಅಂತ ತೋರಿಸುವ ಅಂಕಿ, ರೀಚ್, 377. ಅಂದರೆ ಕೊನೆಯ ಎಂಟು ಪ್ರಶ್ನೆಗೂ ಉತ್ತರ ಬಂದಿದೆ. ಸೀನಿಯರ್‌ಗಳು ಬಂದು ನೋಡಿದರು. ಒಬ್ಬರು ಕೇಬಲ್ ಕೂಡ ಅಲುಗಾಡಿಸಿದರು! 377 ಅಲುಗಾಡಲಿಲ್ಲ. ಕೊನೆಗೆ ಅವಳೇ ಕಂಡುಹಿಡಿದಳು: 'ಎನ್‌ಟಿಪಿ ಸರ್ವರ್' ಸಾಲಿನ ತುದಿಯಲ್ಲಿ 'ಕೀ 10' ಇರಲಿಲ್ಲ. ಕೀ ಇದೆ, ಆದರೆ ಆ ಸರ್ವರ್‌ಗೆ ಅದನ್ನು ಬಳಸು ಅಂತ ಯಾರೂ ಹೇಳಿಲ್ಲ. ಟೈಮ್ ಮಾತ್ರ ಸೆಕೆಂಡಿಗೂ ತಪ್ಪಿರಲಿಲ್ಲ. ಹೇಳಿದ್ದು ಯಾರು? ಗೊತ್ತಿಲ್ಲ.

ಇನ್ನೊಂದು ಗೊಂದಲ. ಇಲ್ಲಿ ಪರೀಕ್ಷೆ ಮಾಡುವುದು ಟೈಮ್ ಕೇಳುವ ಕ್ಲೈಂಟ್, ಹೇಳುವ ಸರ್ವರ್ ಅಲ್ಲ. ಸರ್ವರ್‌ನಲ್ಲಿ ಕೀ ಹಾಕಿದರೆ ಬೇರೆಯವರು ಟೈಮ್ ಕೇಳುವುದು ನಿಲ್ಲುವುದಿಲ್ಲ. ಅದಕ್ಕೆ ಯಾರು ಕೇಳಬಹುದು ಅಂತ ಬರೆದ ಆಕ್ಸೆಸ್ ಲಿಸ್ಟ್ ಬೇಕು. ಕೀ ಯಾವತ್ತೂ ತಂತಿಯ ಮೇಲೆ ಹೋಗುವುದಿಲ್ಲ. ಅದರ ನಂಬರ್, ಮತ್ತು ಕೀಯನ್ನು ಪ್ಯಾಕೆಟ್ (ಕಳಿಸುವ ಸಂದೇಶ) ಜೊತೆ ಸೇರಿಸಿ ಲೆಕ್ಕ ಹಾಕಿ ತೆಗೆದ ಮುದ್ರೆಯಂಥ ಡೈಜೆಸ್ಟ್, ಅಷ್ಟೇ ಹೋಗುತ್ತದೆ.

ಇಷ್ಟೆಲ್ಲ ಯಾಕೆ ಅಂದರೆ, ಗಡಿಯಾರವನ್ನು ಹಿಂದಕ್ಕೆ ತಳ್ಳಿದರೆ ಅವಧಿ ಮುಗಿದ ಸರ್ಟಿಫಿಕೇಟ್ (ಸರ್ವರ್‌ನ ಡಿಜಿಟಲ್ ಗುರುತಿನ ಚೀಟಿ) ಮತ್ತೆ ಜೀವ ಪಡೆಯುತ್ತದೆ. ಐದು ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸವಾದರೆ ಬಳಕೆದಾರರ ಗುರುತು ಪರೀಕ್ಷಿಸುವ ಕರ್ಬರಾಸ್ ಸಾಮಾನ್ಯವಾಗಿ ಲಾಗಿನ್ ಆಗಲು ಬಿಡುವುದಿಲ್ಲ. ಯಾವಾಗ ಏನಾಯಿತು ಅಂತ ಬರೆದಿಡುವ ಲಾಗ್‌ಗಳ ಕಥೆಯಂತೂ ನಿಮಗೇ ಗೊತ್ತು.

ಸಮಯ ಆಗ್ತಾ ಬಂತು ಅಂತ ಕೈ ಸನ್ನೆ ಕಾಣ್ತಿದೆ. ಉಳಿದದ್ದು ಬೇಗ ಹೇಳುತ್ತೇನೆ. ಡೈಜೆಸ್ಟ್ ತೆಗೆಯುವ ಹಳೆಯ ವಿಧಾನ ಎಂಡಿ5 ಬಿಡಿ. 2019ರಲ್ಲೇ ಅದರ ಜಾಗಕ್ಕೆ ಎಇಎಸ್-ಸಿಮ್ಯಾಕ್ ಬಂದಿದೆ. 2020ರಲ್ಲಿ ಎನ್‌ಟಿಪಿಗೆ ಭದ್ರತೆ ಕೊಡುವ ಎನ್‌ಟಿಎಸ್ ಬಂತು, ವೆಬ್‌ಸೈಟ್‌ಗಳೂ ಬಳಸುವ ಟಿಎಲ್‌ಎಸ್ ಮೂಲಕ, ಸರ್ವರ್‌ನ ಸರ್ಟಿಫಿಕೇಟ್ ನೋಡಿ, ಕೀ ತಾನೇ ತರುತ್ತದೆ. ಆದರೆ ಸರ್ಟಿಫಿಕೇಟ್ ನೋಡಲು ಟೈಮ್ ಬೇಕು, ಟೈಮ್ ತರಲು ಸರ್ಟಿಫಿಕೇಟ್ ಬೇಕು. ಕೋಳಿ ಮೊದಲೋ, ಮೊಟ್ಟೆ ಮೊದಲೋ! ದಾರಿಯಲ್ಲಿ ಪ್ಯಾಕೆಟ್ ತಡೆದು ನಿಧಾನವಾಗಿ ಬಿಟ್ಟರೆ ಯಾವ ಕೀಗೂ ತಿಳಿಯುವುದಿಲ್ಲ. ನಾಲ್ಕು ಸರ್ವರ್ ಇಡಿ, ಒಂದು ಸುಳ್ಳು ಹೇಳಿದರೆ ಉಳಿದವು ಹಿಡಿಯುತ್ತವೆ.

ಹೋಗಿ ಲ್ಯಾಬ್‌ನಲ್ಲಿ ಒಂದು ಕಡೆ ಕೀ ಬದಲಿಸಿ ನೋಡಿ. ಎಂಟು ಸಲ ಉತ್ತರ ತಪ್ಪಿದರೆ ರೀಚ್ ಸೊನ್ನೆಯಾಗಬೇಕು. ಪೋಲ್, ಅಂದರೆ ಎರಡು ಪ್ರಶ್ನೆಗಳ ನಡುವಿನ ಅಂತರ, 64 ಸೆಕೆಂಡ್ ಇದ್ದರೆ ಸುಮಾರು ಒಂಬತ್ತು ನಿಮಿಷ. 1024ಕ್ಕೆ ಏರಿದ್ದರೆ ಎರಡು ಗಂಟೆಗೂ ಜಾಸ್ತಿ ಬೇಕಾಗಬಹುದು. ಹತ್ತೇ ನಿಮಿಷ ಕಾದು, ಏನೂ ಆಗ್ಲಿಲ್ಲ ಸಾರ್ ಅಂತ ನನಗೆ ಫೋನ್ ಮಾಡಬೇಡಿ.